ಸೈಕಲ್ಲಿನ ಗಂಟೆ, ಪುಣೆಯ ದಾರಿ

ಮೊನ್ನೆ ರವಿವಾರ ಬೆಳಿಗ್ಗೆ ಇಲ್ಲಿಯ ಜಂಗಲಿ ಮಹಾರಾಜ ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದೆ. ಪುಣೆಯವರ ಬಾಯಲ್ಲಿ ಅದು ಜೆ.ಎಂ. ರೋಡ್. ಸಕ್ಕರೆ ಕಾಯಿಲೆ ಗಂಟು ಬಿದ್ದ ಮೇಲೆ ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಲೇಬೇಕು ಅಂತ ಡಾಕ್ಟರು ತಾಕೀತು ಮಾಡಿದ್ದಾರೆ. ಏನೋ ಯೋಚಿಸುತ್ತ ಹೋಗುತ್ತಿದ್ದೆ, ಹಿಂದಿನಿಂದ ಮೆಲ್ಲಗೆ 'ಟ್ರಿಣ್ ಟ್ರಿಣ್' ಅಂತ ಕೇಳಿಸಿತು. ತಿರುಗಿ ನೋಡಿದರೆ ಹನ್ನೊಂದು ಹನ್ನೆರಡು ವರ್ಷದ ಹುಡುಗ, ಒಂದು ಕಾಲು ನೆಲಕ್ಕೂರಿ ಸೈಕಲ್ ನಿಲ್ಲಿಸಿಕೊಂಡಿದ್ದಾನೆ. "ಕಾಕಾ, ಹಾ ಸಾಯಕಲ್ ಟ್ರ್ಯಾಕ್ ಆಹೇ" ಅಂದ. ಕಾಕಾ, ಇದು ಸೈಕಲ್ ಟ್ರ್ಯಾಕು ಅಂತ. ಕೆಳಗೆ ನೋಡಿಕೊಂಡೆ. ಹೌದು! ನೆಲದ ಹಾಸು ಬೇರೆಯೇ ಇತ್ತು, ಸೈಕಲ್ಲಿನ ಚಿತ್ರವೂ ಇತ್ತು. ನಾನು ರಾಜಾರೋಷವಾಗಿ ಅದರ ನಟ್ಟನಡುವೆ ಹೊರಟಿದ್ದೆ.

ಸಾರಿ ಅಂತ ಹೇಳಿ ಪಕ್ಕಕ್ಕೆ ಸರಿದೆ. ಹುಡುಗ ಏನೂ ಅನ್ನಲಿಲ್ಲ. ಆದರೆ ನನಗೆ ನಾಚಿಕೆಯಾಯಿತು. ಸೈಕಲ್ಲಿನ ಗಂಟೆಯ ವಿಷಯದಲ್ಲಿ ನನ್ನ ಮೇಲೆ ಒಂದು ಹಳೇ ಸಾಲ ಇದೆ. ಬ್ಯಾಂಕಿನವನು, ಸಾಲದ ಮಾತು ಬಂದರೆ ಸುಮ್ಮನಿರಲಾಗುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ನಾನು ಬಿ.ಕಾಂ. ಓದಿದವನು, ಇತಿಹಾಸದ ಪಂಡಿತನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿದ್ದು ಕಂಡದ್ದು, ಕೇಳಿದ್ದು, ಆಮೇಲೆ ಆಸಕ್ತಿಯಿಂದ ಓದಿದ್ದು, ಇಷ್ಟೇ ನನ್ನ ಬಂಡವಾಳ.

ನಾನು ಪುಣೆಗೆ ಬಂದದ್ದು 1991ರಲ್ಲಿ, ವಿಜಾಪುರದಿಂದ (ಆಗಿನ್ನೂ ವಿಜಯಪುರ ಅಂತ ಆಗಿರಲಿಲ್ಲ), ಒಂದು ಬ್ಯಾಂಕಿನ ಕ್ಲಾರ್ಕ್ ಆಗಿ. ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಕಾಟ್ ಬೇಸಿಸ್ ಮೇಲೆ ವಾಸ. ಅಂದರೆ ಬಾಡಿಗೆ ಕೊಟ್ಟರೆ ನಿಮ್ಮದಾಗುವುದು ಕೋಣೆಯಲ್ಲ, ಒಂದು ಮಂಚ ಮಾತ್ರ! ಬಂದ ಮರುದಿನ ಬೆಳಿಗ್ಗೆ ಲಕ್ಷ್ಮೀ ರಸ್ತೆಗೆ ಬಂದು ನಿಂತವನು ಬಾಯಿ ತೆರೆದುಕೊಂಡು ನೋಡಿದೆ. ಸೈಕಲ್ಲುಗಳೋ ಸೈಕಲ್ಲುಗಳು. ಸೈಕಲ್ಲು ನಮ್ಮ ಕಡೆಯೂ ಇತ್ತು, ಆದರೆ ನಮ್ಮಲ್ಲಿ ಅದು ಹಾಲು ಹಾಕುವವರದು, ಪೋಸ್ಟ್‌ಮನ್‌ನದು, ಕಾಲೇಜು ಹುಡುಗರದು. ಇಲ್ಲಿ ಪ್ರೊಫೆಸರರೂ ಸೈಕಲ್, ವಕೀಲರೂ ಸೈಕಲ್. ಸೀರೆಯುಟ್ಟ ಹೆಂಗಸರು ಲೇಡೀಸ್ ಸೈಕಲ್ಲಿನ ಬುಟ್ಟಿಯಲ್ಲಿ ಟಿಫಿನ್ ಡಬ್ಬಿ ಇಟ್ಟುಕೊಂಡು ಆಫೀಸಿಗೆ ಹೊರಟಿದ್ದರು. ಊರಿಗೆ ಬರೆದ ಮೊದಲ ಇನ್‌ಲ್ಯಾಂಡ್ ಪತ್ರದಲ್ಲಿ ನಾನು ಶನಿವಾರವಾಡೆಯ ಬಗ್ಗೆ ಬರೆಯಲಿಲ್ಲ, ಈ ಸೈಕಲ್ ಹೊಡೆಯುವ ಹೆಂಗಸರ ಬಗ್ಗೆ ಬರೆದಿದ್ದೆ. ಪುಣೆಗೆ 'ಸೈಕಲ್ಲುಗಳ ಊರು' ಅಂತ ಹೆಸರಿದ್ದದ್ದು ಸುಮ್ಮನೆ ಅಲ್ಲ.

ಮೊದಲ ತಿಂಗಳ ಸಂಬಳ ಬಂದ ಕೂಡಲೆ ನಾನೂ ಜೂನಾ ಬಜಾರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಸೈಕಲ್ ಕೊಂಡೆ. ಮುನ್ನೂರು ರೂಪಾಯಿ. ಬ್ರೇಕು, ಸೀಟು ಎಲ್ಲ ಚೆನ್ನಾಗಿತ್ತು. ಗಂಟೆಗೆ ಮಾತ್ರ ಮೇಲಿನ ಟೋಪಿ ಇರಲಿಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದರು. 'ಅದೇನು ಮಹಾ, ಬಾಯಿ ಇದೆಯಲ್ಲ' ಅಂತ ಹಾಗೇ ತಂದೆ.

ಸೈಕಲ್ಲಿಗಿಂತ ಮೊದಲು ಪುಣೆ ನಡೆಯುವವರ ಊರಾಗಿತ್ತು. ಪೇಶ್ವೆಯವರ ಕಾಲದ ಪೇಠೆಗಳ ಓಣಿಗಳನ್ನು ನೋಡಿದರೇ ಗೊತ್ತಾಗುತ್ತದೆ, ಎದುರಾಎದುರು ಎರಡು ಪಲ್ಲಕ್ಕಿ ಬಂದರೆ ಒಂದು ಹಿಂದೆ ಸರಿಯಬೇಕು. ಇಂದು ಸದಾ ಟ್ರಾಫಿಕ್ ಜಾಮ್ ಆಗುವ ಕರ್ವೆ ರಸ್ತೆ ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟ ಮಹರ್ಷಿ ಧೋಂಡೋ ಕೇಶವ ಕರ್ವೆ ದೊಡ್ಡ ನಡಿಗೆಯವರು. 1891ರಲ್ಲಿ ಫರ್ಗ್ಯುಸನ್ ಕಾಲೇಜಿಗೆ ಗಣಿತ ಕಲಿಸಲು ಬಂದವರು. 1900ರಲ್ಲಿ ವಿಧವೆಯರಿಗಾಗಿ ತಾವು ನಡೆಸುತ್ತಿದ್ದ ಆಶ್ರಮವನ್ನು ಊರ ಹೊರಗಿನ ಹಿಂಗಣೆಗೆ ಸಾಗಿಸಿದರು. ಊರಿನ ಜನರ ವಿರೋಧ ಅಷ್ಟಿತ್ತು. ಕಾಲೇಜು ಈ ಕಡೆ, ಆಶ್ರಮ ಆ ಕಡೆ. ನಡುವೆ ಮೈಲುಗಟ್ಟಲೆ ಹೊಲ, ಮುಳ್ಳು, ಮಳೆಗಾಲದಲ್ಲಿ ಕೆಸರು. ಆ ಮನುಷ್ಯ ದಿನಾ ಅದನ್ನು ನಡೆದೇ ದಾಟುತ್ತಿದ್ದರು, 1914ರಲ್ಲಿ ನಿವೃತ್ತರಾಗುವ ತನಕ ಕಾಲೇಜಿನಲ್ಲಿ ಕಲಿಸಿದರು. ಈಗ ಅವರದೇ ಹೆಸರಿನ ರಸ್ತೆಯ ಕೆಲವು ಕಡೆ ಫುಟ್‌ಪಾತಿನ ಮೇಲೆ ಹತ್ತು ಹೆಜ್ಜೆ ನೆಟ್ಟಗೆ ಇಡಲಾಗುವುದಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಬೇಂದ್ರೆಯವರು ಓದಿದ್ದೂ ಫರ್ಗ್ಯುಸನ್‌ನಲ್ಲೇ. ಬೇಂದ್ರೆಯವರೂ ನಡೆದೇ ಓಡಾಡಿರಬೇಕು ಅಂತ ನನ್ನ ಊಹೆ, ಸಾಕ್ಷಿ ಕೇಳಬೇಡಿ.

ಇನ್ನು ಸೈಕಲ್ಲು. ಇಂದು ನಾವು ಕಾಣುವ, ಎರಡೂ ಗಾಲಿ ಒಂದೇ ಸಮ ಇರುವ ಚೈನ್ ಸೈಕಲ್ಲಿಗೆ ರೂಪ ಕೊಟ್ಟದ್ದು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ, 1885ರಲ್ಲಿ. ಫರ್ಗ್ಯುಸನ್ ಕಾಲೇಜು ಹುಟ್ಟಿದ ವರ್ಷವೂ ಅದೇ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಕಂಡುಹಿಡಿದ. ಕುತೂಹಲದ ಸಂಗತಿ ಅಂದರೆ ಅದೇ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನು ಮಾಡಿ ಸೈಕಲ್ಲನ್ನು 'ಗಾಡಿ'ಗಳ ಸಾಲಿಗೆ ಸೇರಿಸಿತು. ಗಾಡಿ ಅಂದ ಮೇಲೆ ರಸ್ತೆ ಅದರ ಹಕ್ಕು. ಆದರೆ ಗಾಡಿಗಳು ಫುಟ್‌ಪಾತ್ ಹತ್ತಬಾರದು ಅಂತ 1835ರ ಕಾನೂನು ಮೊದಲೇ ಇತ್ತು, ಅದೂ ಸೈಕಲ್ಲಿಗೆ ತಗುಲಿಕೊಂಡಿತು. ಜೊತೆಗೆ ಎರಡು ಷರತ್ತು ಹಾಕಿದರು. ಕತ್ತಲಾದ ಮೇಲೆ ದೀಪ ಇರಬೇಕು. ನಡೆದು ಹೋಗುವವರನ್ನಾಗಲಿ, ಕುದುರೆ ಬಂಡಿಗಳನ್ನಾಗಲಿ ಹಿಂದಿನಿಂದ ದಾಟುವಾಗ ಗಂಟೆ ಬಾರಿಸಿಯೋ ಸೀಟಿ ಊದಿಯೋ ಕೇಳಿಸುವ ಹಾಗೆ ಎಚ್ಚರಿಸಬೇಕು.

ದೀಪ ಮತ್ತು ಗಂಟೆಯ ಪದ್ಧತಿ ಬ್ರಿಟಿಷರ ಜೊತೆ ನಮ್ಮ ಊರುಗಳಿಗೂ ಬಂತು. ನನ್ನ ತಂದೆಯವರ ಸೈಕಲ್ಲಿನ ಮುಂದೆ ಚಿಮಣಿ ಎಣ್ಣೆಯ ದೀಪ ಇತ್ತು. ದೀಪವಿಲ್ಲದೆ ಸಿಕ್ಕಿಬಿದ್ದರೆ ಪೊಲೀಸಪ್ಪ ಎರಡೂ ಗಾಲಿಯ ಗಾಳಿ ಬಿಟ್ಟು ಕಳಿಸುತ್ತಿದ್ದ. ಮುನ್ಸಿಪಾಲ್ಟಿಗೆ ತೆರಿಗೆ ಕಟ್ಟಿ ಪ್ರತಿ ವರ್ಷ ಹೊಸ ಬಿಲ್ಲೆ ತಂದು ಸೈಕಲ್ಲಿಗೆ ಬಿಗಿಯಬೇಕಿತ್ತು. ಇಬ್ಬರು ಕೂತರೆ ದಂಡ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಇದೆಲ್ಲ ನೆನಪಿರಬೇಕು. ಇವತ್ತಿನ ಹುಡುಗರಿಗೆ ಹೇಳಿದರೆ ಸೈಕಲ್ಲಿಗೂ ಲೈಸೆನ್ಸೇ ಅಂತ ನಗುತ್ತಾರೆ.

ಪುಣೆಯಲ್ಲಿ ಸೈಕಲ್ಲು ಇಷ್ಟು ಬೆಳೆಯಲು ಕಾರಣ ಏನು ಅಂತ ಬಹಳ ಜನರನ್ನು ಕೇಳಿದ್ದೇನೆ. ಊರು ಸಮತಟ್ಟು, ಹವೆ ತಂಪು, ಕಾಲೇಜುಗಳು ಬಹಳ ಅನ್ನುತ್ತಾರೆ. ನನಗೆ ಇನ್ನೆರಡು ಕಾರಣ ಕಾಣುತ್ತವೆ. ಒಂದು ಕಾರ್ಖಾನೆಗಳು. ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರಷ್ಟು ಹಳೆಯದು. ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ 1954ರಲ್ಲಿ ಶುರುವಾಯಿತು. ಅದರ ಬೆನ್ನಿಗೆ ಆ ಇಡೀ ಪಟ್ಟಿಯೇ ಕಾರ್ಖಾನೆಗಳ ಪಟ್ಟಿಯಾಯಿತು. ಎರಡನೆಯದು ನೀರು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳೊಳಗೆ ನುಗ್ಗಿತು. ಮನೆ ಕಳಕೊಂಡವರಿಗಾಗಿ ಗೋಖಲೆನಗರದಂಥ ವಸತಿಗಳು ಊರ ಅಂಚಿಗೆ ಎದ್ದವು. ಅಂಗಡಿ, ಶಾಲೆ, ಕಚೇರಿ ಪೇಠೆಯಲ್ಲೇ ಉಳಿದವು, ಜನ ದೂರ ಹೋದರು. ನಡೆಯಲು ದೂರ, ಬಸ್ಸಿಗೆ ಕಾಯಲು ಬೇಜಾರು. ಸೈಕಲ್ಲು ಆ ಅಂತರವನ್ನು ತುಂಬಿತು. ಅಷ್ಟು ಹೊತ್ತಿಗೆ ಸ್ವದೇಶಿ ಸೈಕಲ್ಲುಗಳೂ ಕೈಗೆಟುಕುವ ಬೆಲೆಗೆ ಬಂದಿದ್ದವು: ಮದ್ರಾಸಿನ ಟಿ.ಐ. ಸೈಕಲ್ಸ್ 1949ರದು, ಸೋನಿಪತ್‌ನ ಅಟ್ಲಾಸ್ 1951ರದು, ಲುಧಿಯಾನದ ಹೀರೋ 1956ರದು.

ಈಗ ನನ್ನ ಸಾಲದ ಕಥೆ.

1993ರ ಸೆಪ್ಟೆಂಬರ್ 30. ಆ ದಿನ ಬೆಳಗಿನ ಜಾವ ಲಾತೂರಿನ ಕಡೆ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಿದ್ದರು. ಬ್ಯಾಂಕಿನಲ್ಲಿ ಅರ್ಧ ವಾರ್ಷಿಕ ಲೆಕ್ಕ ಮುಗಿಸುವ ದಿನ. ವಿಜಾಪುರಕ್ಕೆ ಫೋನು ಹತ್ತಲೊಲ್ಲದು, ಇತ್ತ ಬ್ಯಾಲೆನ್ಸು ಕೂಡಲೊಲ್ಲದು. ಎಲ್ಲ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ವಿಸರ್ಜನೆಯ ಗುಲಾಲು ಇನ್ನೂ ಓಣಿಗಳಲ್ಲಿ ಕೆಸರಾಗಿ ಬಿದ್ದಿತ್ತು. ನನ್ನ ಸೈಕಲ್ಲಿಗೆ ದೀಪವಿಲ್ಲ, ಗಂಟೆಗೆ ಟೋಪಿ ಇಲ್ಲ, ತಲೆಯಲ್ಲಿ ಊರಿನ ಚಿಂತೆ. ಸದಾಶಿವ ಪೇಠೆಯ ಒಂದು ತಿರುವಿನಲ್ಲಿ, ವಾಡೆಯ ಕಟ್ಟೆಯಿಂದ ಇಳಿದು ಓಣಿಗೆ ಕಾಲಿಟ್ಟ ಒಬ್ಬ ಮುದುಕರಿಗೆ ನೇರವಾಗಿ ಹೋಗಿ ಗುದ್ದಿದೆ. ಅವರೂ ಬಿದ್ದರು, ನಾನೂ ಬಿದ್ದೆ. ನಾನು ಎದ್ದೆ.

ಬಲಗೈ ಮಣಿಕಟ್ಟು ಮುರಿದಿತ್ತು. ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ನನ್ನ ಅರ್ಧಂಬರ್ಧ ಮರಾಠಿಯಲ್ಲಿ ಕ್ಷಮೆ ಕೇಳುತ್ತಲೇ ಇದ್ದೆ. ಅವರು ನೋವಿನಿಂದ ಕಣ್ಣು ಮುಚ್ಚಿಕೊಂಡವರು ಒಂದೇ ಮಾತು ಕೇಳಿದರು, "ಘಂಟೀ ಕುಠೇ ಆಹೇ?" ಗಂಟೆ ಎಲ್ಲಿದೆ? ಪೊಲೀಸ್ ಕಂಪ್ಲೇಂಟು ಕೊಡುತ್ತಾರೆ, ನೌಕರಿಗೆ ಕುತ್ತು ಬರುತ್ತದೆ ಅಂತ ನನಗೆ ಹೆದರಿಕೆ. ಅವರು ಕೊಡಲಿಲ್ಲ. ಆಸ್ಪತ್ರೆಯ ಖರ್ಚೂ ಪೂರ್ತಿ ತೆಗೆದುಕೊಳ್ಳಲಿಲ್ಲ. "ಮೊದಲು ಗಂಟೆ ಹಾಕಿಸು, ದೀಪ ಹಾಕಿಸು, ಆಮೇಲೆ ಬಂದು ತೋರಿಸು" ಅಂದರು. ಮರುದಿನವೇ ಹಾಕಿಸಿಕೊಂಡು ಹೋಗಿ ಅವರ ವಾಡೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಬಾರಿಸಿ ತೋರಿಸಿದೆ. ಹುಡುಗರ ಆಟದ ಹಾಗೆ ಅನಿಸೀತು ನಿಮಗೆ, ನನಗೆ ಕಣ್ಣಲ್ಲಿ ನೀರು ಬಂದಿತ್ತು. ಆ ಕೈ ಕೊನೆಗೂ ಪೂರ್ತಿ ನೆಟ್ಟಗಾಗಲಿಲ್ಲ. ಪೂಜೆಗೆ ತಂಬಿಗೆ ಎತ್ತುವಾಗ ಎಡಗೈ ಆಸರೆ ಕೊಡುತ್ತಿದ್ದರು. ಪ್ರತಿ ಸಲ ನೋಡಿದಾಗಲೂ ನಾನು ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ.

ಕಾಕಾ ಅಂತಲೇ ಕರೆಯುತ್ತಿದ್ದೆ. ಖಡಕಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಮೂವತ್ತು ವರ್ಷವೂ ಸೈಕಲ್ಲಿನಲ್ಲೇ ಹೋಗಿಬಂದವರು. ಬೆಳಗಿನ ಭೋಂಗಾ ಕೂಗುವ ಹೊತ್ತಿಗೆ ಊರಿನ ಕಡೆಯಿಂದ ಸೈಕಲ್ಲುಗಳು ಸಾಲುಸಾಲಾಗಿ ಹೋಗುತ್ತಿದ್ದವಂತೆ. ಆದರೆ ಒಂದು ಮಾತು ಅವರು ಹೇಳಿದ್ದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಆಗ ಸೈಕಲ್ಲಿನವರು ಬೇರೆ, ನಡೆಯುವವರು ಬೇರೆ ಅಂತ ಇರಲಿಲ್ಲ. ಮನೆಗೊಂದು ಸೈಕಲ್ಲು. ಅಪ್ಪ ಒಯ್ದರೆ ಮಗ ನಡೆಯಬೇಕು. ಬೆಳಿಗ್ಗೆ ಗಂಟೆ ಬಾರಿಸಿದವನೇ ಸಂಜೆ ತರಕಾರಿ ಚೀಲ ಹಿಡಿದು ಗಂಟೆ ಕೇಳಿಸಿಕೊಂಡು ಸರಿಯುತ್ತಿದ್ದ. ಹಾಗಾಗಿ ಎಲ್ಲಿ ಬಾರಿಸಬೇಕು, ಎಲ್ಲಿ ಇಳಿದು ತಳ್ಳಬೇಕು ಅನ್ನುವುದು ಯಾರೂ ಕಲಿಸದೆ ಗೊತ್ತಿತ್ತು. ಮಂಡಯಿಯ ಸಂತೆ ಇರುವಲ್ಲಿ, ಗುಡಿಯ ಮುಂದೆ, ಹೆಣ ಎದುರಾದರೆ, ಶಾಲೆ ಬಿಟ್ಟ ಹೊತ್ತಿನಲ್ಲಿ ಸೈಕಲ್ಲಿನಿಂದ ಇಳಿಯುವುದೇ ರೂಢಿ. ಗಂಟೆ ಅಂದರೆ 'ಸರಿ ಪಕ್ಕಕ್ಕೆ' ಅಂತಲ್ಲ, 'ನಾನು ಬರ್ತಾ ಇದ್ದೇನೆ, ಗಾಬರಿಯಾಗಬೇಡಿ' ಅಂತ. ಹಾಗಂತ ಆಗೇನು ಸತ್ಯಯುಗವಿತ್ತೇ? ಇಲ್ಲ. ಜಗಳಗಳಿದ್ದವು, ಪೊಲೀಸರು ಡಬಲ್ ಸೀಟ್ ಹಿಡಿಯುತ್ತಿದ್ದರು, ನನ್ನಂಥ ಟೋಪಿಯಿಲ್ಲದ ಗಂಟೆಯವರೂ ಇದ್ದರು. ಆದರೆ ಗುದ್ದಿದವನೂ ಗುದ್ದಿಸಿಕೊಂಡವನೂ ಒಂದೇ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಷ್ಟು ಸಣ್ಣ ವೇಗ ಅದು.

ಈ ಊರಿನ ವಿಚಿತ್ರ ನೋಡಿ. ಸೈಕಲ್ಲನ್ನು ತಲೆಯ ಮೇಲೆ ಹೊತ್ತ ಪುಣೆಯೇ ಅದನ್ನು ಓಡಿಸುವ ಯಂತ್ರಗಳನ್ನೂ ತಯಾರಿಸಿತು. ಆಕುರ್ಡಿಯ ಬಜಾಜ್ ಆಟೋ 1972ರಲ್ಲಿ ಚೇತಕ್ ಸ್ಕೂಟರ್ ಹೊರತಂದಿತು. ಪುಣೆಯದೇ ಕೈನೆಟಿಕ್ ಇಂಜಿನಿಯರಿಂಗ್ ಅದೇ 1972ರಲ್ಲಿ ಲೂನಾ ಮೊಪೆಡ್ ತಂದಿತು. ಚೇತಕ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು, ಆದ್ದರಿಂದ ಸೈಕಲ್ಲು ಇನ್ನೂ ಒಂದಷ್ಟು ಕಾಲ ಉಸಿರಾಡಿತು. ಲೂನಾಕ್ಕೆ ಪೆಡಲು ಇತ್ತು, ನೋಡಲು ಸೈಕಲ್ಲಿನ ತಮ್ಮನ ಹಾಗೆ. ಸೈಕಲ್ಲಿನವರು ಅದರ ಮೇಲೆ ಕೂರಲು ಹಿಂಜರಿಯಲಿಲ್ಲ. ಆಮೇಲೆ 1984ರಲ್ಲಿ ಕೈನೆಟಿಕ್ ಹೋಂಡಾ ಬಂತು, ಗೇರಿಲ್ಲ, ಬಟನ್ ಒತ್ತಿದರೆ ಸ್ಟಾರ್ಟು. ಆ ಸೀರೆಯುಟ್ಟ ಹೆಂಗಸರಲ್ಲಿ ಒಬ್ಬೊಬ್ಬರೇ ಅದಕ್ಕೆ ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡಿದ್ದೇನೆ ಏನು, ಕೈಯಾರೆ ಮಾಡಿದ್ದೇನೆ. 1997ರಲ್ಲಿ ನಾನು ಆಫೀಸರ್ ಆಗಿ ಬಡ್ತಿ ಪಡೆದು ಸಾಲದ ಟೇಬಲ್ಲಿಗೆ ಬಂದೆ. ಹಿಂದೆ ನಮ್ಮಲ್ಲಿ ಸೈಕಲ್ ಅಡ್ವಾನ್ಸ್ ಅಂತ ಒಂದಿತ್ತು, ಅದನ್ನು ಕೇಳುವವರೇ ಇಲ್ಲವಾದರು. ದ್ವಿಚಕ್ರ ವಾಹನ ಸಾಲದ ಟಾರ್ಗೆಟ್ ಬಂತು. ದಸರೆ ಪಾಡ್ಯ ಬಂದರೆ ದಿನಕ್ಕೆ ಹತ್ತು ಹದಿನೈದು ಅರ್ಜಿಗಳಿಗೆ ಸಹಿ ಹಾಕುತ್ತಿದ್ದೆ. ಪುಣೆಯ ಸೈಕಲ್ ಸವಾರರನ್ನು ಕೆಳಗಿಳಿಸಿ ಸ್ಕೂಟರ್ ಮೇಲೆ ಕೂರಿಸಿದವರಲ್ಲಿ ನಾನೂ ಒಬ್ಬ. 1998ರಲ್ಲಿ ಸ್ಟಾಫ್ ದರದಲ್ಲಿ ನಾನೂ ಸಾಲ ತೆಗೆದು ಸ್ಕೂಟರ್ ಕೊಂಡೆ, ಪೇಡೆ ತೆಗೆದುಕೊಂಡು ಕಾಕಾ ಅವರ ಮನೆಗೆ ಹೋದೆ. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, ಹಾರ್ನ್ ಒತ್ತಿಸಿ ಕೇಳಿ, ಪೇಡೆ ತಿಂದರು. ಏನೂ ಹೇಳಲಿಲ್ಲ. 2001ರಲ್ಲಿ ತೀರಿಕೊಂಡರು. ಅದಕ್ಕೂ ಹಿಂದಿನ ಎರಡು ವರ್ಷ ಅವರು ವಾಡೆಯಿಂದ ಹೊರಗೆ ಒಬ್ಬರೇ ಕಾಲಿಡುತ್ತಿರಲಿಲ್ಲ. ರಸ್ತೆ ದಾಟುವುದಕ್ಕೆ ಧೈರ್ಯ ಸಾಲುತ್ತಿರಲಿಲ್ಲ.

ಅದೇ 1972ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೇರೊಂದು ನಡೆಯಿತು. ಅಲ್ಲಿ ಹಿಂದಿನ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳಕೊಂಡ ಒಬ್ಬ ಪತ್ರಕರ್ತ 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬರೆದ. ಅದೇ ಹೆಸರಿನ ಚಳವಳಿ ಹುಟ್ಟಿ ತಂದೆತಾಯಂದಿರು ರಸ್ತೆಗೆ ಇಳಿದರು. ಮರುವರ್ಷದ ತೈಲ ಬಿಕ್ಕಟ್ಟೂ ಸೇರಿಕೊಂಡು ಆ ದೇಶ ಸೈಕಲ್ಲಿಗೆ ಬೇರೆ ದಾರಿ, ಕಾಲಿಗೆ ಬೇರೆ ದಾರಿ ಮಾಡುತ್ತ ಬಂತು. ಆ ದಾರಿಯ ಜಾಗವನ್ನು ಅವರು ಬಹುಮಟ್ಟಿಗೆ ಕಾರುಗಳಿಂದ ತೆಗೆದುಕೊಂಡರು ಅನ್ನುವುದನ್ನು ಗಮನಿಸಿ. ಅಷ್ಟಾದರೂ ಮೊಪೆಡ್‌ಗಳು ಸೈಕಲ್ ದಾರಿಗೆ ನುಗ್ಗುವ ತೊಂದರೆ ಅಲ್ಲೂ ಇತ್ತು, 2019ರ ಏಪ್ರಿಲ್‌ನಲ್ಲಿ ಆಂಸ್ಟರ್‌ಡ್ಯಾಮ್ ನಗರ ತನ್ನ ಒಳಭಾಗದಲ್ಲಿ ಅವನ್ನು ರಸ್ತೆಗೆ ಅಟ್ಟಬೇಕಾಯಿತು.

ಪುಣೆಗೆ ಸೈಕಲ್ಲಿನ ನೆನಪು ಬಂದದ್ದು ಸೈಕಲ್ಲು ಹೋದ ಮೇಲೆ. 2006ರಲ್ಲಿ ಕೇಂದ್ರ ಸರ್ಕಾರದ ನಗರ ಸಾರಿಗೆ ನೀತಿ ಬಂತು, ವಾಹನಗಳಿಗಲ್ಲ, ಜನರಿಗೆ ರಸ್ತೆ ಅಂತ. ಅದೇ ಡಿಸೆಂಬರ್‌ನಲ್ಲಿ ಕಾತ್ರಜ್-ಸ್ವಾರಗೇಟ್-ಹಡಪ್ಸರ್ ದಾರಿಯಲ್ಲಿ ದೇಶದ ಮೊದಲ ಬಿ.ಆರ್.ಟಿ. ಬಸ್ ಮಾರ್ಗ ಶುರುವಾಯಿತು. ಅದರ ಜೊತೆಗೆ ರಸ್ತೆಯ ಅಂಚಿಗೆ ಸೈಕಲ್ ಟ್ರ್ಯಾಕುಗಳನ್ನೂ ಕಟ್ಟಿದರು. ನಾನು ಖುಷಿಯಿಂದ ಹಳೇ ಅಟ್ಲಾಸ್ ಹೊರತೆಗೆದು ಒಂದು ರವಿವಾರ ಸಾತಾರಾ ರಸ್ತೆಗೆ ಹೋದೆ. ಏನು ಹೇಳಲಿ! ನೂರು ಹೆಜ್ಜೆ ಹೋದರೆ ಟ್ರ್ಯಾಕಿನ ನಡುವೆ ವಿದ್ಯುತ್ ಪೆಟ್ಟಿಗೆ. ಇಳಿದು ಹತ್ತಿದರೆ ಮುಂದೆ ಮರ, ಆಮೇಲೆ ಬಸ್ ಸ್ಟಾಪು, ಆಮೇಲೆ ವಡಾಪಾವ್ ಗಾಡಿ, ಅಲ್ಲಿ ನಿಂತು ತಿನ್ನುವವರು. ಫುಟ್‌ಪಾತ್ ಇಕ್ಕಟ್ಟಾದ್ದರಿಂದ ನಡೆಯುವವರೆಲ್ಲ ಟ್ರ್ಯಾಕಿನಲ್ಲೇ ಇದ್ದರು. ಒಬ್ಬ ಅಜ್ಜಿ ನನ್ನ ಗಂಟೆ ಕೇಳಿ ಬೆಚ್ಚಿ ನಿಂತು, "ಫುಟ್‌ಪಾತಿನ ಮೇಲೂ ಬರ್ತೀರೇನಪ್ಪಾ" ಅಂತ ಬೈದರು. ಅದು ಫುಟ್‌ಪಾತಲ್ಲ ಅಜ್ಜಿ ಅನ್ನಲು ಬಾಯಿ ಬರಲಿಲ್ಲ. ಅವರು ಬೇರೆ ಎಲ್ಲಿ ನಡೆಯಬೇಕಿತ್ತು?

ಅಲ್ಲಿ ನನಗೆ ಹೊಳೆದದ್ದು ಇಷ್ಟು. ಸೈಕಲ್ಲಿಗೆ ದಾರಿ ಕೊಡುವಾಗ ಬಹಳ ಕಡೆ ಮೋಟಾರಿನ ಪಾಲಿನಿಂದ ಒಂದು ಅಡಿಯನ್ನೂ ಕಿತ್ತಿರಲಿಲ್ಲ. ನಡೆಯುವವರಿಗೆ ಉಳಿದಿದ್ದ ಚೂರನ್ನೇ ಎರಡು ಪಾಲು ಮಾಡಿ, ನೀವಿಬ್ಬರೂ ಪರಸ್ಪರ ಹೊಂದಿಕೊಂಡು ಹೋಗಿ ಅಂದಿದ್ದರು. ಆಸ್ತಿಯೆಲ್ಲ ಅಣ್ಣ ನುಂಗಿದ ಮನೆಯಲ್ಲಿ ಹಿತ್ತಿಲಿಗಾಗಿ ಇಬ್ಬರು ತಮ್ಮಂದಿರು ಜಗಳವಾಡಿದ ಹಾಗೆ ಇದು. ಹೊಂದಿಕೊಳ್ಳಬೇಕು, ಇಲ್ಲ ಅನ್ನುವುದಿಲ್ಲ. ಗಂಟೆ ಬಾರಿಸಬೇಕು, ಸರಿಯಬೇಕು, ನಿಧಾನಿಸಬೇಕು. ಆದರೆ ಸೌಜನ್ಯಕ್ಕೂ ಒಂದಿಷ್ಟು ಅಗಲ ಬೇಕಲ್ಲ? ಕಾನೂನು ಇಲ್ಲವೆಂದಲ್ಲ. ಫುಟ್‌ಪಾತು ಮತ್ತು ಸೈಕಲ್ ಟ್ರ್ಯಾಕಿನ ಮೇಲೆ ಮೋಟಾರು ವಾಹನ ನಡೆಸಬಾರದು ಅಂತ 1989ರ ರಸ್ತೆ ನಿಯಮಗಳಲ್ಲೇ ಸ್ಪಷ್ಟವಾಗಿದೆ, 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ದ್ವಿಚಕ್ರ ಸಾಲ ಕೊಡುವಾಗ ನಾವು ಹತ್ತು ಕಾಗದ ಕೇಳುತ್ತಿದ್ದೆವು. ಈ ನಿಯಮ ಗೊತ್ತಿದೆಯೇ ಅಂತ ಒಬ್ಬರನ್ನೂ ಕೇಳಲಿಲ್ಲ. 2018ರಲ್ಲಿ ಪತ್ರಿಕೆಗಳಲ್ಲಿ ಬಂದ ಆರ್.ಟಿ.ಓ. ಲೆಕ್ಕದ ಪ್ರಕಾರ ಪುಣೆಯಲ್ಲಿ ನೋಂದಾಯಿತ ವಾಹನಗಳು 36 ಲಕ್ಷ ದಾಟಿದ್ದವು, ಜನ ಸುಮಾರು 35 ಲಕ್ಷ. ಜನಕ್ಕಿಂತ ಗಾಡಿ ಹೆಚ್ಚು!

ಒಂದೇ ಪಟ್ಟಿಯನ್ನು ಇಬ್ಬರೂ ಹಂಚಿಕೊಂಡ ದೇಶ ಜಪಾನು. 1970ರಲ್ಲಿ ಅಲ್ಲಿ ರಸ್ತೆಗಳಲ್ಲಿ 16,765 ಜನ ಸತ್ತರು. ಸೈಕಲ್ಲಿನವರನ್ನು ಕಾರುಗಳಿಂದ ಉಳಿಸಲು ಅದೇ ವರ್ಷ ಕಾನೂನು ತಿದ್ದಿ, ಫಲಕ ಹಾಕಿದ ಕಡೆ ಫುಟ್‌ಪಾತ್ ಮೇಲೆ ಸೈಕಲ್ಲಿಗೆ ಅವಕಾಶ ಕೊಟ್ಟರು. ಆದರೆ ಅಲ್ಲಿ ಯಜಮಾನ ಪಾದಚಾರಿಯೇ. ಸೈಕಲ್ಲು ರಸ್ತೆಯ ಕಡೆಯ ಅಂಚಿನಲ್ಲಿ ನಿಧಾನವಾಗಿ ಹೋಗಬೇಕು, ನಡೆಯುವವರಿಗೆ ಅಡ್ಡಿಯಾದರೆ ನಿಲ್ಲಬೇಕು. ಅವರನ್ನು ಸರಿಸಲು ಗಂಟೆ ಬಾರಿಸುವಂತಿಲ್ಲ! ಇಂಗ್ಲೆಂಡಿನ ಹಳೇ ಕಾನೂನು ಬಾರಿಸಲೇಬೇಕು ಅಂದಿತು, ಜಪಾನಿನದು ಬಾರಿಸಬೇಡ ಅನ್ನುತ್ತದೆ. ಬಹಳ ದಿನ ಯೋಚಿಸಿದೆ, ಯಾವುದು ಸರಿ ಅಂತ. ಕಾಕಾ ಇದ್ದಿದ್ದರೆ ಎರಡೂ ಒಂದೇ ಅನ್ನುತ್ತಿದ್ದರೇನೋ. ರಸ್ತೆಯಲ್ಲಿ ಬಾರಿಸು, ಅವರ ಅಂಗಳದಲ್ಲಿ ಇಳಿದು ನಿಲ್ಲು.

ಗಂಟೆಯ ಮಾತು ಬಂತಲ್ಲ, ನಮ್ಮ ಮೈಸೂರಿನವರು 2017ರ ಜೂನ್‌ನಲ್ಲಿ ಶುರು ಮಾಡಿದ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆಗೆ ಇಟ್ಟ ಹೆಸರೇ 'ಟ್ರಿಣ್ ಟ್ರಿಣ್'. 450 ಸೈಕಲ್ಲು, 48 ನಿಲ್ದಾಣ. ಎಷ್ಟು ಚೆಂದದ ಹೆಸರು! ಇಲ್ಲಿಯ ಗೆಳೆಯರಿಗೆ ಹೇಳಿ ಬೀಗಿದ್ದೆ. ಪುಣೆಯಲ್ಲೂ ಅದೇ ವರ್ಷದ ಡಿಸೆಂಬರ್‌ನಿಂದ ಹಳದಿ, ಹಸಿರು, ಕಿತ್ತಳೆ ಬಣ್ಣದ ಬಾಡಿಗೆ ಸೈಕಲ್ಲುಗಳು ಒಂದರ ಹಿಂದೊಂದು ಬಂದವು, ಪಾಲಿಕೆ ಇಡೀ ಊರಿಗೊಂದು ಸೈಕಲ್ ಯೋಜನೆಯನ್ನೂ ಒಪ್ಪಿಕೊಂಡಿತು. ಬಣ್ಣದ ಸೈಕಲ್ಲುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದಲ್ಲಿ ಮಾಯವಾದವು, ಕೆಲವನ್ನು ಪುಂಡರು ಮುರಿದರು. 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದ್‌ನ ತನ್ನ ಕಾರ್ಖಾನೆ ನಿಲ್ಲಿಸಿದ ಸುದ್ದಿ ಬಂದಾಗ ನಾನು ಕೆಳಗೆ ಪಾರ್ಕಿಂಗಿಗೆ ಹೋಗಿ ನನ್ನ ಸೈಕಲ್ಲಿನ ಧೂಳು ಒರೆಸಿ ಬಂದೆ. ಸುಮ್ಮನೆ.

ಒಳ್ಳೆಯದೂ ಆಗಿದೆ, ಹೇಳದಿದ್ದರೆ ತಪ್ಪಾದೀತು. 2016ರಲ್ಲಿ ಪುಣೆ ಪಾಲಿಕೆ ಪಾದಚಾರಿ ನೀತಿ ಅಂತ ಒಪ್ಪಿಕೊಂಡಿತು. 2021ರ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯ ಒಂದು ಭಾಗವನ್ನು ವಾಹನಗಳಿಗೆ ಮುಚ್ಚಿ ಪಾದಚಾರಿ ದಿನ ಆಚರಿಸಿದರು. ನಾನು 1991ರಲ್ಲಿ ಬಾಯಿ ತೆರೆದು ನಿಂತ ರಸ್ತೆ ಅದು. ಮತ್ತು ಈ ಜೆ.ಎಂ. ರೋಡ್. 1976ರ ಜನವರಿ 1ರಂದು ತೆರೆದ ಈ ರಸ್ತೆಯನ್ನು ಗುತ್ತಿಗೆದಾರರು ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಮಾಡಿದ್ದು, ಗುಂಡಿ ಬೀಳಲಿಲ್ಲ ಅಂತ ಪುಣೆಯವರು ಈಗಲೂ ಕಥೆ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದರ ಒಂದು ಭಾಗದಲ್ಲಿ ಫುಟ್‌ಪಾತನ್ನು ನಿಜಕ್ಕೂ ಅಗಲ ಮಾಡಿದ್ದಾರೆ, ಕೂರಲು ಕಟ್ಟೆ, ಮರದ ನೆರಳು, ಪಕ್ಕದಲ್ಲಿ ಸೈಕಲ್ ಟ್ರ್ಯಾಕು. ಇಲ್ಲಿ ಮಾತ್ರ ನಡೆಯುವವನಿಗೆ ಸೈಕಲ್ ಟ್ರ್ಯಾಕಿಗೆ ಹೋಗಲು ಯಾವ ನೆಪವೂ ಇಲ್ಲ. ಆದರೂ ಮೊನ್ನೆ ನಾನು ಹೋದೆನಲ್ಲ!

ಆ ಹುಡುಗನಿಗೆ ದಾರಿ ಬಿಟ್ಟೆ ಅಂದೆ. ಅವನು ಪೆಡಲು ಒತ್ತುವುದರೊಳಗೆ ಹಿಂದಿನಿಂದ ಇನ್ನೊಂದು ಸದ್ದು ಬಂತು. ಸಿಗ್ನಲ್ಲಿನ ಸಾಲು ತಪ್ಪಿಸಲು ಒಬ್ಬ ಮಹಾಶಯ ಸ್ಕೂಟರನ್ನು ಟ್ರ್ಯಾಕಿನ ಮೇಲೆ ಹತ್ತಿಸಿ ತಂದಿದ್ದ, ಹಾರ್ನಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಹುಡುಗ ಸೈಕಲ್ಲನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದ. ನಾವಿಬ್ಬರೂ ಮರಕ್ಕೆ ಒತ್ತಿ ನಿಂತೆವು. ಸ್ಕೂಟರ್ ಹೋಯಿತು. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಾನು ಕೈ ಅಡ್ಡ ಹಿಡಿದು ಮೂರನೆಯವನನ್ನು ನಿಲ್ಲಿಸಿ, ಇದು ಸೈಕಲ್ ಟ್ರ್ಯಾಕು ಅಂದೆ. "ಸೈಕಲ್ ಎಲ್ಲಿದೆ ಕಾಕಾ?" ಅಂತ ಕೇಳಿದ. ಹುಡುಗ ತನ್ನ ಗಂಟೆ ಬಾರಿಸಿದ, ಎರಡು ಸಲ. ಸ್ಕೂಟರಿನವನು ಅವನ ಕಡೆ ನೋಡಿ ನಕ್ಕ, ಪಕ್ಕಕ್ಕೆ ಸುತ್ತುಹಾಕಿ ಹೋಗಿಬಿಟ್ಟ.

ಹುಡುಗ ಮುಂದೆ ಹೋದ. ಐವತ್ತು ಹೆಜ್ಜೆ ಆಚೆ ಟ್ರ್ಯಾಕಿನ ಮೇಲೆ ಎರಡು ಮೋಟರ್ ಸೈಕಲ್ ಪಾರ್ಕ್ ಮಾಡಿದ್ದರು. ಅವನು ಇಳಿದು ಸೈಕಲ್ಲನ್ನು ರಸ್ತೆಗೆ ಇಳಿಸಿದ. ಒಂದು ಬಸ್ಸು ಬಂತು, ಹಿಂದೆ ಕಾರುಗಳು. ನಾನು ಅಲ್ಲೇ ನಿಂತು, ಅವನು ಡೆಕ್ಕನ್ ಕಡೆಯ ತಿರುವಿನಲ್ಲಿ ಕಾಣದಾಗುವ ತನಕ ನೋಡುತ್ತಿದ್ದೆ.